ಕೆರೆಯಲ್ಲಿ ಅಕ್ವೇರಿಯಂ ಮೀನು ಸಿಕ್ಕಿದ್ರೆ ಏನ್ ಮಾಡೋದು? ಹಾಸನ, ಚಿಕ್ಕಮಗಳೂರು ಕಡೆಯವರಿಗೆ ಹಂತ ಹಂತವಾಗಿ

ಗಾಳಕ್ಕೋ ಬಲೆಗೋ ಸಿಕ್ಕಿದ ಯಾವ್ದೋ ವಿಚಿತ್ರ ಮೀನಿನ ಫೋಟೋ ಊರಿನ ವಾಟ್ಸಾಪ್ ಗ್ರೂಪಲ್ಲಿ ಬರೋದು ಈಗೀಗ ಮಾಮೂಲಿ ಆಗೋಗಿದೆ. ಒಬ್ರು ಇದು ವಿಷದ ಮೀನು ಮುಟ್ಟಬೇಡಿ ಅಂತಾರೆ, ಇನ್ನೊಬ್ರು ಪಿರಾನಾ ಅಂತಾರೆ, ಮತ್ತೊಬ್ರು ಯಾವ್ದೋ ಹಳೇ ಟಿವಿ ಕ್ಲಿಪ್ ಹಾಕ್ತಾರೆ, ಇಷ್ಟೆಲ್ಲಾ ಚರ್ಚೆ ಮುಗಿಯೋ ಹೊತ್ತಿಗೆ ಹಿಡಿದವನು ಪಾಪ ನಮಗ್ಯಾಕೆ ಅಂತ ಅದನ್ನ ವಾಪಸ್ ಅದೇ ಕೆರೆಗೆ ಬಿಟ್ಟು ಮನೆಗೆ ಹೋಗಿರ್ತಾನೆ. ಆ ಕೊನೇ ಕೆಲಸ ಒಂದು ನಿಲ್ಲಲಿ ಅಂತಾನೇ ಇದನ್ನ ಬರೀತಿರೋದು.

ನಮ್ಮ ಎರಡು ಜಿಲ್ಲೆಗೆ ಇದು ಯಾಕೆ ಜಾಸ್ತಿ ತಲೆನೋವು ಅಂದ್ರೆ ನೀರಿನ ದಾರಿ. ಕೆರೆಗೆ ಬಿಟ್ಟಿದ್ದು ಕೆರೆಯಲ್ಲೇ ಇರುತ್ತೆ ಅಂದ್ಕೊಂಡಿರ್ತೀವಿ. ಆದ್ರೆ ಮಳೆಗಾಲದಲ್ಲಿ ಕೋಡಿ ಬಿತ್ತು ಅಂದ್ರೆ ಮೇಲಿನ ಕೆರೆ ಮೀನು ಕೆಳಗಿನ ಕೆರೆಗೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ. ಬೇಲೂರು ಕಡೆ ಬಿಟ್ಟಿದ್ದು ಯಗಚಿ ಹಿಡ್ಕೊಂಡು ಹೇಮಾವತಿಗೆ ಹೋಗುತ್ತೆ, ಗೊರೂರು ಡ್ಯಾಂ ದಾಟಿದ್ರೆ ಕೆಆರ್‌ಎಸ್ ತನಕ, ಆಮೇಲೆ ಇಡೀ ಕಾವೇರಿ. ಸಖರಾಯಪಟ್ಟಣದ ಅಯ್ಯನಕೆರೆಗೆ ಬಿಟ್ಟಿದ್ದು ಇನ್ನೊಂದು ದಿಕ್ಕಿಗೆ, ವೇದಾ, ವೇದಾವತಿ, ಹಿರಿಯೂರಿನ ವಾಣಿವಿಲಾಸ ಸಾಗರ (ಅದು 1933 ಆದ್ಮೇಲೆ 2022ರಲ್ಲಿ ಕೋಡಿ ಬಿದ್ದಿದ್ದು ನೆನಪಿರಬೇಕಲ್ವಾ), ಅಲ್ಲಿಂದ ಮುಂದೆ ತುಂಗಭದ್ರಾ, ಕೃಷ್ಣಾ. ಚಿಕ್ಕಮಗಳೂರಿನ ಒಂದೇ ಬೆಟ್ಟಸಾಲಿನ ನೀರು ಎರಡು ದೊಡ್ಡ ನದಿಗೆ ಹೋಗುತ್ತೆ, ಹಂಗಾಗಿ ಇಲ್ಲಿ ಒಂದು ಬಕೆಟ್ ಸುರಿಯೋದು ಬೇರೆ ಕಡೆ ಸುರಿದಷ್ಟು ಸಣ್ಣ ವಿಷ್ಯ ಅಲ್ಲ.

ಹಂತ 1: ಮೊದ್ಲು ಅದು ಏನು ಅಂತ ಗುರುತಿಸಿ

ಇದನ್ನೇ ಮೊದಲು ಹೇಳ್ತಿರೋದು ಯಾಕೆ ಅಂದ್ರೆ, ನೋಡೋಕೆ ವಿಚಿತ್ರ ಇದೆ ಅಂತ ನಮ್ಮದೇ ಹಳೇ ಮೀನನ್ನ ಹೊಡೆದು ಸಾಯಿಸೋರೂ ಇದಾರೆ. ಬಣ್ಣ ಇದ್ರೆ ಫಾರಿನ್, ಬೂದಿ ಬಣ್ಣ ಇದ್ರೆ ಲೋಕಲ್ ಅನ್ನೋ ಲೆಕ್ಕ ಪೂರ್ತಿ ತಪ್ಪು. ಪಶ್ಚಿಮ ಘಟ್ಟದ ಹಳ್ಳಗಳಲ್ಲಿರೋ ಸಣ್ಣ ಮೀನುಗಳ ಬಣ್ಣ ನೋಡಿದ್ರೆ ಅಂಗಡಿ ಮೀನು ಪಕ್ಕಕ್ಕಿಡಬೇಕು.

ಸಕ್ಕರ್ ಮೀನಿಂದ ಶುರು ಮಾಡೋಣ, ಗಲಾಟೆ ಜಾಸ್ತಿ ಅದರದ್ದೇ. ಅಂಗಡಿಯಲ್ಲಿ ಟ್ಯಾಂಕ್ ಕ್ಲೀನರ್ ಅಂತ ಮಾರ್ತಾರೆ, ಎರಡು ಇಂಚಿನ ಮರಿ, ಗಾಜಿಗೆ ಅಂಟ್ಕೊಂಡು ಪಾಚಿ ತಿನ್ನುತ್ತೆ, ಮಕ್ಕಳಿಗೆ ಖುಷಿ. ಮೂಲ ದಕ್ಷಿಣ ಅಮೆರಿಕ. ಬೆಳೆದ್ರೆ ಒಂದೂವರೆ ಅಡಿ ಹತ್ರ ಹೋಗುತ್ತೆ. ಗುರುತು ಸುಲಭ: ಮೈಮೇಲೆ ಹುರುಪೆ ಇರಲ್ಲ, ಬದಲಿಗೆ ಗಟ್ಟಿ ಮೂಳೆ ತಟ್ಟೆಗಳು ಸಾಲು ಸಾಲಾಗಿ ಕವಚದ ಥರ ಇರ್ತವೆ, ಕೈ ಆಡಿಸಿದ್ರೆ ಗರಗರ ಅನ್ನುತ್ತೆ, ಬೆನ್ನಿನ ರೆಕ್ಕೆ ಹರಡಿದ್ರೆ ದೊಡ್ಡದು, ಬಾಯಿ ತಲೆಯ ಕೆಳಗಡೆ ದುಂಡಗೆ. ಹೊಟ್ಟೆ ಕಡೆ ತಿರುಗಿಸಿ ನೋಡಿ, ಚುಕ್ಕೆ ಅಥವಾ ಅಂಕುಡೊಂಕು ಗೀರು ಇರುತ್ತೆ. ಆಂಧ್ರ, ತೆಲಂಗಾಣದ ಕಡೆ ಇದನ್ನ ಡೆವಿಲ್ ಫಿಶ್ ಅಂತಾರೆ, ಅಲ್ಲಿ ಮೀನುಗಾರರ ಬಲೆ ಹರಿದು ಹರಿದು ಸಾಕಾಗಿ ಇಟ್ಟ ಹೆಸರು.

ಇಲ್ಲೊಂದು ಎಚ್ಚರ. ನಮ್ಮ ಹಳ್ಳ, ಹೊಳೆ ಕಲ್ಲುಗಳಿಗೆ ಅಂಟ್ಕೊಂಡಿರೋ ಸಣ್ಣ ಮೀನುಗಳಿವೆ, ಗಾರಾ ಜಾತಿಯವು, ಅವಕ್ಕೂ ಬಾಯಿ ಕೆಳಗಡೆನೇ. ಮೂಡಿಗೆರೆ, ಸಕಲೇಶಪುರ ಕಡೆ ಹಳ್ಳದಲ್ಲಿ ಕಾಲಿಟ್ಟೋರೆಲ್ಲಾ ನೋಡಿರ್ತೀರ. ಅದು ನಮ್ಮದು. ಅದಕ್ಕೆ ಮೆತ್ತನೆ ಹುರುಪೆ ಇರುತ್ತೆ, ಕವಚ ಇರಲ್ಲ, ಗೇಣುದ್ದಕ್ಕಿಂತ ದೊಡ್ಡದಾಗೋದು ಕಮ್ಮಿ. ಹರಿಯೋ ನೀರಲ್ಲಿ ಕಲ್ಲಿನ ಮೇಲೆ ಸಿಕ್ಕಿದ್ರೆ ಹತ್ತು ಸಲ ಯೋಚನೆ ಮಾಡಿ.

ಇನ್ನು ಪಿರಾನಾ. ಕೆಂಪು ಹೊಟ್ಟೆ, ಚಪ್ಪಟೆ ಮೈ, ಬಾಯಲ್ಲಿ ಹಲ್ಲು, ನೋಡಿದ ತಕ್ಷಣ ಪಿರಾನಾ ಬಂತು ಕೆರೆಗೆ ಇಳೀಬೇಡಿ ಅಂತ ಫಾರ್ವರ್ಡ್ ಮಾಡ್ತಾರೆ. ಹೆಚ್ಚುಕಮ್ಮಿ ಯಾವಾಗ್ಲೂ ಅದು ರೂಪ್‌ಚಂದ್, ಅಂದ್ರೆ ಪಾಕು, ಭಾನುವಾರ ಮೀನಂಗಡಿಯಲ್ಲಿ ಕೆ.ಜಿ. ಲೆಕ್ಕದಲ್ಲಿ ತಗೊಂಡು ಸಾರು ಮಾಡೋ ಅದೇ ಮೀನು. ಬಾಯಿ ಬಿಡಿಸಿ ನೋಡಿ, ರೂಪ್‌ಚಂದ್ ಹಲ್ಲು ಮನುಷ್ಯರ ದವಡೆ ಹಲ್ಲಿನಂಗೆ ಚೌಕ, ಅಗಿಯೋಕೆ ಇರೋದು. ಪಿರಾನಾದ್ದು ತ್ರಿಕೋನ, ಚೂಪು, ಕೆಳದವಡೆ ಮುಂದೆ ಚಾಚಿರುತ್ತೆ. ರೂಪ್‌ಚಂದ್ ಕೂಡ ದಕ್ಷಿಣ ಅಮೆರಿಕದ್ದೇ, ಕೆರೆಗೆ ಸೇರಬಾರದ್ದೇ, ಆದ್ರೆ ಯಾರ ಕಾಲನ್ನೂ ತಿನ್ನಲ್ಲ.

ಮೊಸಳೆ ಮೂತಿಯ ಅಲಿಗೇಟರ್ ಗಾರ್, ಉತ್ತರ ಅಮೆರಿಕದ್ದು, 2023ರಲ್ಲಿ ಶ್ರೀನಗರದ ದಾಲ್ ಸರೋವರದಲ್ಲೂ ಭೋಪಾಲಿನ ದೊಡ್ಡ ಕೆರೆಯಲ್ಲೂ ಸಿಕ್ಕಿ ಸುದ್ದಿ ಆಗಿತ್ತು. ಆ ಫೋಟೋ ನೋಡಿದ ಮೇಲೆ ನಮ್ಮ ಕಡೆಯ ಉದ್ದ ಮೂತಿಯ ಸಣಕಲು ಮೀನು ಕಂಡ್ರೂ ಗಾರ್ ಗಾರ್ ಅಂತಾರೆ. ನಮ್ಮದು ಪೆನ್ಸಿಲ್ಲಿನಂಗೆ ಸಪೂರ, ಹಸಿರು ಬೆಳ್ಳಿ ಬಣ್ಣ, ನೀರಿನ ಮೇಲ್ಮಟ್ಟದಲ್ಲೇ ನಿಂತಿರುತ್ತೆ. ಗಾರ್ ದಪ್ಪ, ಹುರುಪೆ ಕಲ್ಲಿನಷ್ಟು ಗಟ್ಟಿ, ಮೂತಿ ಅಗಲ. ನಿಜವಾದ ಗಾರ್ ಸಿಕ್ಕಿದ್ರೆ ಅದರ ಮೊಟ್ಟೆ ಮಾತ್ರ ತಿನ್ನಬೇಡಿ, ಮನುಷ್ಯರಿಗೆ ವಿಷ.

ಆಫ್ರಿಕನ್ ಕ್ಯಾಟ್‌ಫಿಶ್ ಅಕ್ವೇರಿಯಂದಲ್ಲ, ಕದ್ದು ಸಾಕೋರ ಹೊಂಡದಿಂದ ಬಂದಿದ್ದು, ಸಾಕೋದಕ್ಕೆ ನಿಷೇಧ ಇದೆ. ನಮ್ಮ ಮುರುಗೋಡಿಗೂ ಅದಕ್ಕೂ ಮರಿ ಇದ್ದಾಗ ವ್ಯತ್ಯಾಸ ಹೇಳೋದು ಕಷ್ಟ, ಫೋಟೋ ಕಳಿಸಿ ಗೊತ್ತಿರೋರನ್ನ ಕೇಳೋದೇ ವಾಸಿ. ಆದ್ರೆ ತೂಕ 2 ಕೆ.ಜಿ. ದಾಟಿತು ಅಂದ್ರೆ ಅದು ನಮ್ಮ ಮುರುಗೋಡು ಅಲ್ಲ. ಜಿಲೇಬಿ ಮೀನು, ಅಂದ್ರೆ ತಿಲಾಪಿಯಾ ಬಗ್ಗೆ ಏನೂ ಹೇಳಲ್ಲ, ಅದು 1952ರಲ್ಲಿ ದೇಶಕ್ಕೆ ಬಂದಿದ್ದು, ಈಗ ಬಹುತೇಕ ಎಲ್ಲಾ ಕೆರೆಯಲ್ಲೂ ಇದೆ, ಹಿಡೀರಿ ತಿನ್ನಿ. ಗೋಲ್ಡ್‌ಫಿಶ್, ಕೊಯ್, ಫ್ಲವರ್‌ಹಾರ್ನ್, ಆಸ್ಕರ್ ಇವನ್ನ ಅಂಗಡಿಯಲ್ಲಿ ನೋಡಿರೋರಿಗೆ ಗುರುತು ಹೇಳಿಕೊಡೋ ಅಗತ್ಯ ಇಲ್ಲ, ಒಂದೇ ಮಾತು, ಟ್ಯಾಂಕಲ್ಲಿ ಬೆರಳುದ್ದ ಇದ್ದ ಗೋಲ್ಡ್‌ಫಿಶ್ ಕೆರೆಯಲ್ಲಿ ಒಂದಡಿ ಆಗಬಹುದು, ಆಗ ಗುರುತು ಸಿಗಲ್ಲ.

ಹಂತ 2: ಫೋಟೋ ಸರಿಯಾಗಿ ತೆಗೀರಿ

ಕೈಯಲ್ಲಿ ಎತ್ತಿ ಹಿಡ್ಕೊಂಡು ನಗ್ತಾ ತೆಗೆದ ಸೆಲ್ಫಿಯಿಂದ ಜಾತಿ ಹೇಳೋದು ಕಷ್ಟ. ಒದ್ದೆ ಗೋಣಿಚೀಲದ ಮೇಲೆ ಅಡ್ಡಡ್ಡ ಮಲಗಿಸಿ, ಪಕ್ಕ ಒಂದು ಪೆನ್ನೋ ಸ್ಕೇಲೋ ಇಟ್ಟು, ಇಡೀ ಪಕ್ಕೆ ಒಂದು ಫೋಟೋ, ಹೊಟ್ಟೆ ಕಡೆ ಒಂದು, ಬಾಯಿ ಹತ್ರದಿಂದ ಒಂದು, ಬೆನ್ನಿನ ರೆಕ್ಕೆ ಬಿಡಿಸಿ ಒಂದು. ಸಕ್ಕರ್ ಮೀನಿನ ಪಕ್ಕದ ರೆಕ್ಕೆಯ ಮುಳ್ಳು ಗಟ್ಟಿ, ಬರಿಗೈಯಲ್ಲಿ ಬಿಗಿಯಾಗಿ ಹಿಡೀಬೇಡಿ, ಬಲೆಗೆ ಸಿಕ್ಕಾಕ್ಕೊಂಡಿದ್ರೆ ಎಳೆದಾಡೋದಕ್ಕಿಂತ ಕತ್ತರಿಯಲ್ಲಿ ಬಲೆಯ ಎರಡು ಕಣ್ಣು ಕತ್ತರಿಸಿ ಬಿಡಿಸೋದು ಬಲೆಗೂ ಕೈಗೂ ಒಳ್ಳೇದು.

ಕೆರೆ ಹೆಸರು, ಊರು, ತಾರೀಖು, ಯಾವುದರಲ್ಲಿ ಹಿಡಿದಿದ್ದು (ಗಾಳ, ಬೀಸುಬಲೆ, ಕೂಣಿ), ಒಂದೇ ಇತ್ತಾ ಇನ್ನೂ ಇದ್ವಾ, ಮರಿ ಕಂಡ್ವಾ, ಇಷ್ಟು ಬರ್ಕೊಳ್ಳಿ. ಮರಿ ಕಂಡಿದ್ದು ದೊಡ್ಡ ಸುದ್ದಿ, ಯಾಕಂದ್ರೆ ಒಂದು ದೊಡ್ಡ ಮೀನು ಅಂದ್ರೆ ಯಾರೋ ಬಿಟ್ಟಿದ್ದು ಅಷ್ಟೇ ಅಂತ ಇರಬಹುದು, ನಾನಾ ಸೈಜಿನ ಮರಿ ಅಂದ್ರೆ ಅಲ್ಲೇ ಸಂಸಾರ ಶುರು ಆಗಿದೆ ಅಂತ. ಫೋನಲ್ಲಿ ಲೊಕೇಶನ್ ಆನ್ ಮಾಡ್ಕೊಂಡು ಫೋಟೋ ತೆಗೆದ್ರೆ ಜಾಗ ತಾನೇ ದಾಖಲಾಗುತ್ತೆ. ಐನ್ಯಾಚುರಲಿಸ್ಟ್ ಅನ್ನೋ ಆ್ಯಪ್‌ಗೋ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೋ ಹಾಕಿದ್ರೆ ಮೀನು ಗೊತ್ತಿರೋರು ನೋಡಿ ಜಾತಿ ಹೇಳ್ತಾರೆ, ಮುಂದೆ ಯಾರಾದ್ರೂ ಅಧ್ಯಯನ ಮಾಡೋವಾಗ ಆ ಕೆರೆ ಹೆಸರು ಸಿಗುತ್ತೆ. ವಾಟ್ಸಾಪಿಗೆ ಹಾಕಿದ್ದು ಎರಡು ದಿನಕ್ಕೆ ಗುಡ್ ಮಾರ್ನಿಂಗ್ ಮೆಸೇಜ್ ಕೆಳಗೆ ಹೂತೋಗುತ್ತೆ.

ಹಂತ 3: ವಾಪಸ್ ಬಿಡಬೇಡಿ, ಹಿಂಸೆನೂ ಕೊಡಬೇಡಿ

ಗುರುತು ಖಚಿತ ಆಯ್ತು, ಹೊರಗಿನ ಮೀನೇ ಅಂತಾದ್ರೆ ನೀರಿಗೆ ವಾಪಸ್ ಹಾಕೋದು ಬೇಡ. ಗುರುತು ಖಚಿತ ಇಲ್ವಾ, ಫೋಟೋ ತೆಗೆದು ಬಿಟ್ಟುಬಿಡಿ, ಒಂದು ಲೋಕಲ್ ಮೀನು ಉಳಿಯೋದು ಮುಖ್ಯ.

ಸಕ್ಕರ್ ಮೀನನ್ನ ದಡದ ಮೇಲೆ ಎಸೆದು ಹೋದ್ರೆ ಸತ್ತಿತು ಅಂತ ತಿಳ್ಕೋಬೇಡಿ. ಅದು ಗಾಳಿ ನುಂಗಿ ಹೊಟ್ಟೆಯ ಮೂಲಕವೇ ಉಸಿರಾಡುತ್ತೆ, ಮೈ ಒದ್ದೆ ಇದ್ರೆ ಗಂಟೆಗಟ್ಟಲೆ ಬದುಕುತ್ತೆ, ರಾತ್ರಿ ಮಳೆ ಬಂದ್ರೆ ತೆವಳ್ಕೊಂಡು ವಾಪಸ್ ನೀರಿಗೆ ಇಳಿಯೋಕೂ ಸಾಕು. ಬಿಸಿಲಲ್ಲಿ ಹಂಗೆ ಒದ್ದಾಡಿಸಿ ಸಾಯಿಸೋದು ನೋಡೋಕೂ ಚೆನ್ನಾಗಿಲ್ಲ. ಮೀನು ಹಿಡಿಯೋ ಅಭ್ಯಾಸ ಇರೋರು ತಲೆಗೆ ಬಲವಾಗಿ ಒಂದೇ ಏಟು ಹಾಕಿ ಮುಗಿಸ್ತಾರೆ, ಅದು ಬೇಗ ಆಗೋ ಕೆಲಸ. ಮನೆ ಟ್ಯಾಂಕಿನ ಮೀನಿಗೆ, ಏಟು ಹಾಕೋಕೆ ಮನಸ್ಸು ಬರದೇ ಇರೋರಿಗೆ, ಲವಂಗದ ಎಣ್ಣೆ ಇದೆ, ಹಲ್ಲುನೋವಿಗೆ ಅಂತ ಮೆಡಿಕಲ್ ಶಾಪಲ್ಲಿ ಸಿಗುತ್ತಲ್ಲ ಅದೇ. ಒಂದು ಲೀಟರ್ ನೀರಿಗೆ ಸುಮಾರು 10 ಹನಿ, ಅಂದ್ರೆ ಅರ್ಧ ಎಂ.ಎಲ್. ಲೆಕ್ಕ. ನೇರವಾಗಿ ಹಾಕಿದ್ರೆ ಎಣ್ಣೆ ಮೇಲೆ ತೇಲುತ್ತೆ, ಹಂಗಾಗಿ ಸಣ್ಣ ಬಾಟಲಲ್ಲಿ ಉಗುರುಬೆಚ್ಚಗಿನ ನೀರಿನ ಜೊತೆ ಹಾಕಿ ಹಾಲಿನ ಬಣ್ಣ ಬರೋ ತನಕ ಕುಲುಕಿ ಆಮೇಲೆ ಬಕೆಟ್‌ಗೆ ಸುರೀರಿ. ಮೀನು ಮೊದಲು ಓಲಾಡುತ್ತೆ, ಪ್ರಜ್ಞೆ ತಪ್ಪುತ್ತೆ, ಕಿವಿರು ಆಡೋದು ನಿಲ್ಲುತ್ತೆ. ನಿಂತ ಮೇಲೂ ಕನಿಷ್ಠ 10 ನಿಮಿಷ ಬಿಡಿ, ಸಕ್ಕರ್, ಕ್ಯಾಟ್‌ಫಿಶ್ ಥರ ಗಾಳಿ ಕುಡಿಯೋ ಮೀನಾದ್ರೆ ಅರ್ಧ ಗಂಟೆಗಿಂತ ಜಾಸ್ತಿನೇ ಬಿಡಿ. ಜೀವ ಇರೋವಾಗ ಫ್ರೀಜರಿಗೆ ಹಾಕೋದು, ಕಮೋಡಿಗೆ ಹಾಕಿ ಫ್ಲಶ್ ಮಾಡೋದು ಎರಡೂ ಬೇಡ.

ಆಮೇಲೆ ಎರಡಡಿ ಗುಂಡಿ ತೆಗೆದು ಹೂತುಬಿಡಿ, ಕಾಫಿ ಗಿಡಕ್ಕೋ ತೆಂಗಿಗೋ ಗೊಬ್ಬರ ಆಯ್ತು. ಮೇಲೆ ಮೇಲೆ ಹೂತ್ರೆ ನಾಯಿನೋ ಕಾಡುಹಂದಿನೋ ಕೆದರುತ್ತೆ. ಅಪರೂಪದ ಮೀನು, ಯಾವ್ದು ಅಂತ ಗೊತ್ತಾಗಲಿಲ್ಲ, ಆದ್ರೆ ಸತ್ತೇ ಹೋಗಿದೆ ಅಂದ್ರೆ ಹೂಳಬೇಡಿ, ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಫ್ರೀಜರಲ್ಲಿಡಿ, ಇಲಾಖೆಯವರಿಗೆ ತೋರಿಸಬಹುದು. ಮನೆಯವರ ಹತ್ರ ಮೊದಲೇ ಹೇಳಿ ಇಡಿ.

ತಿನ್ನಬಹುದಾ ಅಂತ ಕೇಳೋರಿಗೆ: ಜಿಲೇಬಿ, ರೂಪ್‌ಚಂದ್ ಧಾರಾಳವಾಗಿ. ಸಕ್ಕರ್‌ನಲ್ಲಿ ಕವಚ ತೆಗೆದ್ರೆ ಮಾಂಸ ಅಂತ ಉಳಿಯೋದೇ ಸ್ವಲ್ಪ, ಅದೂ ಊರಿನ ಚರಂಡಿ ಸೇರೋ ಕೆರೆಯದ್ದಾದ್ರೆ ಆಸೆ ಬಿಡಿ. ಟ್ಯಾಂಕಲ್ಲಿ ಔಷಧಿ ಹಾಕಿ ಸಾಕಿದ ಮೀನು, ಲವಂಗದ ಎಣ್ಣೆಯಲ್ಲಿ ಸತ್ತ ಮೀನು ತಿನ್ನಬಾರದು, ಬೆಕ್ಕಿಗೂ ಹಾಕಬಾರದು.

ಹಂತ 4: ಹೇಳಬೇಕಾದೋರಿಗೆ ಹೇಳಿ

ಕೆರೆ ಗುತ್ತಿಗೆಗೆ ಹೋಗಿದ್ರೆ ಮೊದಲು ಗುತ್ತಿಗೆ ತಗೊಂಡ ಮೀನುಗಾರರ ಸಂಘದೋರಿಗೆ ಹೇಳಿ, ಯಾಕಂದ್ರೆ ನಷ್ಟ ಅವರದ್ದು, ಬಲೆ ಬಿಡೋರು ಅವರು, ಮುಂದಿನ ಸಲ ಎಷ್ಟು ಬಂತು ಅಂತ ಲೆಕ್ಕ ಇಡೋಕೆ ಆಗೋದೂ ಅವರಿಗೇ. "ಇದು ನಾಕು ವರ್ಷದಿಂದ ಬರ್ತಾ ಐತೆ ಸಾರ್, ಯಾರಿಗ್ ಹೇಳಾದು" ಅನ್ನೋ ಉತ್ತರ ಸಿಕ್ಕಿದ್ರೆ ಆಶ್ಚರ್ಯ ಪಡಬೇಡಿ, ಮೀನುಗಾರರಿಗೆ ಗೊತ್ತಿರೋದು ಕಡತಕ್ಕೆ ಬರೋದೇ ಇಲ್ಲ. ಗುತ್ತಿಗೆ ಕೆರೆಯಲ್ಲಿ ಅವರನ್ನ ಕೇಳದೇ, ಫಾರಿನ್ ಮೀನು ಹಿಡೀತೀನಿ ಅಂತ ಬಲೆ ಹಾಕಿದ್ರೆ ಜಗಳ ಆಗುತ್ತೆ, ಅದು ನ್ಯಾಯನೂ ಹೌದು.

ಆಮೇಲೆ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿ. ಫೋನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ, ಒಂದು ಹಾಳೆಯಲ್ಲಿ ಕೆರೆ ಹೆಸರು, ಸರ್ವೆ ನಂಬರ್ ಗೊತ್ತಿದ್ರೆ ಅದು, ತಾರೀಖು ಬರೆದು ಫೋಟೋ ಪ್ರಿಂಟ್ ಅಂಟಿಸಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಸಣ್ಣ ಕೆರೆ, ಕಟ್ಟೆ ಆದ್ರೆ ಗ್ರಾಮ ಪಂಚಾಯ್ತಿಗೂ ಒಂದು ಪ್ರತಿ. ಪ್ರತಿ ಪಂಚಾಯ್ತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಅಂತ ಇರಬೇಕು, ಹೆಸರಿಗಾದ್ರೂ ಇರುತ್ತೆ, ಅವರ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಇದನ್ನ ಬರೆಸಿ ಅಂತ ಕೇಳಿ. ಕೇಳಿದ್ರೆ ತಾನೇ ಸಮಿತಿ ಇದೆ ಅಂತ ಅವರಿಗೂ ನೆನಪಾಗೋದು. ರೈತರಾದ್ರೆ ಹಾಸನದ ಕಂದಲಿ, ಚಿಕ್ಕಮಗಳೂರಿನ ಮೂಡಿಗೆರೆ ಕೃಷಿ ವಿಜ್ಞಾನ ಕೇಂದ್ರಗಳಲ್ಲೂ ವಿಚಾರಿಸಬಹುದು.

ಭದ್ರಾ ಅಭಯಾರಣ್ಯ, ಕುದುರೆಮುಖದ ಒಳಗಡೆ ಕಂಡ್ರೆ ಹಿಡಿಯೋಕೆ ಹೋಗಲೇಬೇಡಿ, ಫೋಟೋ ತೆಗೆದು ಅರಣ್ಯ ಇಲಾಖೆಗೆ ಹೇಳಿ. ರಾಮನಾಥಪುರದ ವಹ್ನಿ ಪುಷ್ಕರಿಣಿ, ಶೃಂಗೇರಿಯ ತುಂಗೆ ದಡದಂಥ ಜಾಗದಲ್ಲಿ ದೇವರ ಮೀನು ಅಂತ ಜನ ತಲೆತಲಾಂತರದಿಂದ ಕಾಪಾಡ್ಕೊಂಡು ಬಂದಿದ್ದಾರೆ. ಅಂಥ ಕಡೆ ಪುಣ್ಯ ಬರುತ್ತೆ ಅಂತ ಮನೆ ಟ್ಯಾಂಕಿನ ಮೀನು ತಂದು ಬಿಡೋರನ್ನ ಕಂಡ್ರೆ ಅಲ್ಲೇ ನಿಲ್ಲಿಸಿ, ಮೆತ್ತಗೆ ಹೇಳಿದ್ರೆ ಬಹಳ ಜನ ಕೇಳ್ತಾರೆ.

ಹಂತ 5: ನಿಮ್ಮದೇ ಕೃಷಿ ಹೊಂಡ, ತೋಟದ ಕೆರೆ ಆಗಿದ್ರೆ

ನಿಜವಾಗಿ ಏನಾದ್ರೂ ಮಾಡೋಕೆ ಆಗೋದು ಇಲ್ಲೇ. ಊರ ಕೆರೆಯಲ್ಲಿ ಒಂದು ಸಲ ಸಂತಾನ ಆಯ್ತು ಅಂದ್ರೆ ಪೂರ್ತಿ ತೆಗೆಯೋದು ಹೆಚ್ಚುಕಮ್ಮಿ ಆಗದ ಮಾತು, ಹಿಡಿದು ಹಿಡಿದು ಕಮ್ಮಿ ಮಾಡ್ಕೋಬೇಕು ಅಷ್ಟೇ. ಆದ್ರೆ ತೋಟದ ಕೆರೆ ನಮ್ಮ ಕೈಯಲ್ಲಿದೆ, ಹೋಂಸ್ಟೇ ಮಾಡಿರೋರು ಗೆಸ್ಟ್ ಬಂದ್ರೆ ಚೆನ್ನಾಗಿ ಕಾಣಲಿ ಅಂತ ಕೊಯ್, ಸಕ್ಕರ್ ಎಲ್ಲಾ ಬಿಟ್ಟಿರ್ತಾರೆ, ಜೂನ್ ಜುಲೈ ಮಳೆಗೆ ಆ ಕೆರೆ ತುಂಬಿ ಹರಿಯದೇ ಇರೋ ವರ್ಷ ಮಲೆನಾಡಲ್ಲಿ ಯಾವ್ದಿದೆ ಹೇಳಿ?

ಕಾಲ ಮುಖ್ಯ. ಫೆಬ್ರವರಿ ಮಾರ್ಚಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹೊಡೆದ ಮೇಲೆ ಕೆರೆ ನೀರು ತಳ ಮುಟ್ಟಿರುತ್ತೆ, ಅದೇ ಟೈಮು. ಪಂಪಿನ ಫುಟ್‌ವಾಲ್ವ್‌ಗೆ ಸೊಳ್ಳೆಪರದೆ ಬಲೆ ಎರಡು ಸುತ್ತು ಕಟ್ಟಿ, ಮಿಕ್ಕ ನೀರನ್ನ ತೋಟಕ್ಕೇ ಹೊಡೀರಿ, ಹಳ್ಳಕ್ಕೆ ತಿರುಗಿಸಬೇಡಿ. ಮೊಣಕಾಲು ನೀರು ಉಳಿದಾಗ ಬಲೆ ಎಳೀರಿ, ಲೋಕಲ್ ಮೀನನ್ನ ಡ್ರಮ್ಮಲ್ಲಿ ಬೇರೆ ಇಟ್ಕೊಳ್ಳಿ, ಕೊರವ, ಮುರುಗೋಡು, ಚೇಳುಮೀನು ಸಿಕ್ಕಿದ್ರೆ ಉಳಿಸ್ಕೊಳ್ಳಿ (ಚೇಳುಮೀನು ಚುಚ್ಚಿದ್ರೆ ಗೊತ್ತಲ್ಲ, ಕೈ ಹುಷಾರು).

ಆಮೇಲೆ ಏರಿ ಸುತ್ತ ನಡೆದು ಬಿಲ ನೋಡಿ. ಸಕ್ಕರ್ ಮೀನು ದಡದೊಳಗೆ ಅಡ್ಡಕ್ಕೆ ಬಿಲ ತೋಡಿ ಮೊಟ್ಟೆ ಇಡುತ್ತೆ, ಗಂಡು ಒಳಗೇ ಕಾವಲು ಕೂರುತ್ತೆ, ಬಿಲ ಒಂದು ಮೀಟರ್ ಉದ್ದ ಇರಬಹುದು. ಏಡಿ ಬಿಲಕ್ಕಿಂತ ಅಗಲ, ನೀರಿನ ಮಟ್ಟದ ಹತ್ರ ಹತ್ರ ಗುಂಪಾಗಿ ಇರ್ತವೆ. ಮಣ್ಣಿನ ಏರಿಗೆ ಇದು ಒಳ್ಳೇದಲ್ಲ, ಮೀನಿನ ವಿಷ್ಯ ಪಕ್ಕಕ್ಕಿಟ್ರೂ ಏರಿ ಸೋರೋಕೆ ಶುರುವಾದ್ರೆ ಕೆಳಗಿನ ಗದ್ದೆಯವರು ಬಂದು ನಿಲ್ತಾರೆ. ನೀರು ಇಳಿದಾಗಲೂ ಮೀನು ಆ ಬಿಲದ ಕೆಸರಲ್ಲಿ ಜೀವ ಹಿಡ್ಕೊಂಡಿರುತ್ತೆ, ಹಂಗಾಗಿ ಬಿಲ ಅಗೆದು ನೋಡಿ, ಮೀನು ಮೊಟ್ಟೆ ತೆಗೆದು, ಜೇಡಿಮಣ್ಣು ಹಾಕಿ ದಮ್ಮಸ್ಸು ಮಾಡಿ ಮುಚ್ಚಿ. ಪ್ಲಾಸ್ಟಿಕ್ ಶೀಟ್ ಹಾಸಿರೋ ಕೃಷಿ ಹೊಂಡದಲ್ಲಿ ಈ ಬಿಲದ ಕಾಟ ಇಲ್ಲ, ಅಲ್ಲಿ ಕೆಲಸ ಅರ್ಧ.

ತಳ ಬಿರುಕು ಬಿಡೋ ತನಕ ಒಣಗಿಸೋದು ಎಲ್ಲಕ್ಕಿಂತ ಒಳ್ಳೇ ಔಷಧಿ. ಊಟೆ ಇರೋ ಕೆರೆ, ಪೂರ್ತಿ ಒಣಗಲ್ಲ ಅಂದ್ರೆ ಮೀನು ಸಾಕೋರು ಮೊದಲಿಂದ ಬಳಸೋ ಹಿಪ್ಪೆ ಹಿಂಡಿ ಇದೆ. ಒಂದು ಘನ ಮೀಟರ್ ನೀರಿಗೆ 250 ಗ್ರಾಂ ಲೆಕ್ಕ. ಅಂದ್ರೆ 20 ಮೀಟರ್ ಉದ್ದ, 20 ಮೀಟರ್ ಅಗಲ, 2 ಮೀಟರ್ ಆಳ ನೀರಿದ್ರೆ 800 ಘನ ಮೀಟರ್, 200 ಕೆ.ಜಿ. ಹಿಂಡಿ ಬೇಕಾಗುತ್ತೆ, ಅದೇ ನೀರು ಅರ್ಧ ಮೀಟರಿಗೆ ಇಳಿಸಿದ್ರೆ 50 ಕೆ.ಜಿ. ಸಾಕು, ಅದಕ್ಕೇ ಮೊದಲು ನೀರು ಖಾಲಿ ಮಾಡಿ ಅಂದಿದ್ದು. ನೆನೆಸಿ, ಕದಡಿ, ಇಡೀ ಕೆರೆಗೆ ಎರಚಬೇಕು. ಇದು ಲೋಕಲ್, ಫಾರಿನ್ ಅಂತ ನೋಡಲ್ಲ, ಇರೋ ಮೀನೆಲ್ಲಾ ಸಾಯುತ್ತೆ, ಮೂರು ವಾರ ಆ ನೀರಿಗೆ ಮೀನು ಬಿಡಬಾರದು, ದನ ಇಳಿಸಬಾರದು, ಹೊರಗೆ ಒಂದು ಹನಿ ಹರೀಬಾರದು. ಆಮೇಲೆ ಅದೇ ಗೊಬ್ಬರ ಆಗುತ್ತೆ. ಬಿಲದೊಳಗೆ ಕೂತಿರೋ ಸಕ್ಕರ್‌ಗೆ ಇದೊಂದನ್ನೇ ನಂಬಬೇಡಿ. ಹಾಕೋ ಮುಂಚೆ ಮೀನುಗಾರಿಕೆ ಇಲಾಖೆಯವರ ಹತ್ರ ಒಂದು ಮಾತು ಕೇಳಿ, ನಿಮ್ಮ ಸ್ವಂತ, ಹೊರದಾರಿ ಮುಚ್ಚಿರೋ ಹೊಂಡಕ್ಕೆ ಮಾತ್ರ ಇದು.

ಊರ ಕೆರೆಗೆ, ಹಳ್ಳಕ್ಕೆ ಏನನ್ನೂ ಹಾಕೋ ಹಾಗಿಲ್ಲ. ಬೋರ್ಡೋ ದ್ರಾವಣಕ್ಕೆ ಅಂತ ಮನೆಯಲ್ಲಿ ಮೈಲುತುತ್ತ ಇರುತ್ತೆ, ಅದನ್ನ ನೀರಿಗೆ ಸುರಿಯೋದು, ಬ್ಲೀಚಿಂಗ್ ಪೌಡರ್, ಕಾರೆಕಾಯಿ ಅರೆದು ಹಾಕೋದು, ತೋಟೆ ಸಿಡಿಸೋದು ಇದೆಲ್ಲಾ ಮೀನು ತೆಗೆಯೋ ದಾರಿ ಅಲ್ಲ. ವಿಷ ಹಾಕಿ, ಸಿಡಿಮದ್ದು ಹಾಕಿ ಮೀನು ಹಿಡಿಯೋದು 1897ರ ಮೀನುಗಾರಿಕೆ ಕಾಯ್ದೆ ಕಾಲದಿಂದಲೇ ಅಪರಾಧ. ಅದೂ ಅಲ್ಲದೆ ಗಾಳಿ ಕುಡಿದು ಬದುಕೋ ಸಕ್ಕರ್ ಉಳ್ಕೊಂಡು ಮಿಕ್ಕಿದ್ದೆಲ್ಲಾ ಸತ್ತು, ಖಾಲಿ ಕೆರೆ ಅದಕ್ಕೇ ಬಿಟ್ಟುಕೊಟ್ಟಂಗೆ ಆಗುತ್ತೆ.

ಮಳೆ ಶುರು ಆಗೋ ಮುಂಚೆ, ಮೇ ಒಳಗೆ, ತೂಬಿಗೂ ಕೋಡಿಗೂ ಜಾಲರಿ ಹಾಕಿಸಿ. ಸಣ್ಣ ಕಣ್ಣಿನ ಒಂದೇ ಜಾಲರಿ ಹಾಕಿದ್ರೆ ಎಲೆ ಕಸ ಕಟ್ಕೊಂಡು ಏರಿ ಮೇಲೇ ನೀರು ಹರಿಯುತ್ತೆ, ಕೆರೆ ನೀರು ಬರೋ ಕಡೆ ದೊಡ್ಡ ಕಣ್ಣಿಂದು, ಅದರ ಹಿಂದೆ ಸಣ್ಣದು, ಜೋರು ಮಳೆ ದಿನ ಒಬ್ಬರು ಹೋಗಿ ಕಸ ತೆಗೀಬೇಕು. ಕಲರ್ ಮೀನು ಬೇಕೇ ಬೇಕು ಅಂತ ಹೋಂಸ್ಟೇಯವರು ಅಂದ್ರೆ ಹಳ್ಳಕ್ಕೆ ಸಂಬಂಧ ಇಲ್ಲದ ಸಿಮೆಂಟ್ ತೊಟ್ಟಿ ಮಾಡ್ಕೊಳ್ಳಿ, ಮೇಲೆ ಶೀಟ್ ಇದ್ರೆ ಮಳೆಗೂ ತುಂಬಿ ಹರಿಯಲ್ಲ. ಮೊದಲ ಮಳೆಗೆ ಹತ್ತುಮೀನು ಹಳ್ಳದಿಂದ ಗದ್ದೆಗೆ ಹತ್ತೋ ದಾರಿಯಲ್ಲೇ ನಮ್ಮ ತೋಟದ ಕೆರೆ ನೀರೂ ಇಳಿಯೋದು. ಮೀನುಮರಿ ತರೋವಾಗ ಬ್ರೋಕರ್ ಹತ್ರ ಅಗ್ಗಕ್ಕೆ ಸಿಕ್ತು ಅಂತ ತರದೇ ಸರ್ಕಾರಿ ಮೀನುಮರಿ ಕೇಂದ್ರದಿಂದ ತನ್ನಿ, ಕಟ್ಲಾ ರೋಹು ಮರಿ ಅಂತ ಕೊಟ್ಟ ಕವರಲ್ಲಿ ಬೇರೆ ಮರಿ ಬೆರೆತಿದ್ರೆ ಅಗಲ ಬೋಗುಣಿಗೆ ಸುರಿದು ನೋಡಿದಾಗ ಗೊತ್ತಾಗುತ್ತೆ.

ಹಂತ 6: ಮನೆಯಲ್ಲಿ ಟ್ಯಾಂಕ್ ಇರೋರಿಗೆ

ಟ್ರಾನ್ಸ್‌ಫರ್ ಆಯ್ತು, ಮಕ್ಕಳು ಹಾಸ್ಟೆಲ್ಲಿಗೆ ಹೋದ್ರು, ಮೀನು ದೊಡ್ಡದಾಯ್ತು, ಕರೆಂಟ್ ಬಿಲ್ ಜಾಸ್ತಿ ಬಂತು. ಕಾರಣ ಏನೇ ಇರಲಿ, ಕೆರೆ ಅದಕ್ಕೆ ಉತ್ತರ ಅಲ್ಲ. ತಗೊಂಡ ಅಂಗಡಿಯಲ್ಲೇ ವಾಪಸ್ ಕೇಳಿ, ದುಡ್ಡು ಕೊಡದಿದ್ರೂ ಮೀನು ತಗೊಳ್ತಾರೆ. ಒಂದಡಿ ಸಕ್ಕರ್ ಮಾತ್ರ ಯಾರೂ ತಗೊಳ್ಳಲ್ಲ, ಅದಕ್ಕೇ ಅದನ್ನ ತರಲೇಬೇಡಿ ಅನ್ನೋದು. ಪಾಚಿ ಕಟ್ಟೋದು ಲೈಟ್ ಜಾಸ್ತಿ ಹೊತ್ತು ಉರಿದು, ಊಟ ಜಾಸ್ತಿ ಬಿದ್ದು, ಅದನ್ನ ಕಮ್ಮಿ ಮಾಡಿ ವಾರಕ್ಕೊಂದು ಸಲ ಸ್ಪಂಜಲ್ಲಿ ಉಜ್ಜಿದ್ರೆ ಮುಗೀತು. ಉಳಿದ ಮೀನಿಗೆ ಅಕ್ವೇರಿಯಂ ಗ್ರೂಪಲ್ಲಿ ಫ್ರೀ ಅಂತ ಹಾಕಿ, ಸ್ಕೂಲಲ್ಲಿ ಕೇಳಿ. ಯಾರೂ ಸಿಗಲಿಲ್ಲ ಅಂದ್ರೆ ಹಂತ 3ರ ಲವಂಗದ ಎಣ್ಣೆ. ಕೇಳೋಕೆ ಕಷ್ಟ, ಗೊತ್ತು. ಬಿಟ್ಟರೆ ಅದು ಹಾಯಾಗಿ ಇರುತ್ತೆ ಅನ್ನೋದೂ ನಿಜ ಅಲ್ಲ, ಒಂದೋ ಹಸಿದು ಸಾಯುತ್ತೆ, ಇಲ್ಲಾ ಬದುಕಿ ಬೇರೆಯವರ ಮೊಟ್ಟೆ ಮರಿ ತಿನ್ನುತ್ತೆ.

ಟ್ಯಾಂಕಿನ ಹಳೇ ನೀರು, ಗಿಡ, ಜಲ್ಲಿಕಲ್ಲು ಇವೂ ಚರಂಡಿಗೆ ಬೇಡ. ನೀರನ್ನ ಹೂವಿನ ಗಿಡಕ್ಕೆ ಹಾಕಿ. ಗಿಡ, ಶಂಖದ ಹುಳು ಬಿಸಿಲಲ್ಲಿ ಗರಿಗರಿ ಒಣಗಿಸಿ ಆಮೇಲೆ ಎಸೀರಿ.

ಕಾನೂನಿನ ವಿಷ್ಯ ಒಂದಿಷ್ಟು. ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯಲ್ಲಿ ಆಕ್ರಮಣಕಾರಿ ವಿದೇಶಿ ಜೀವಿಗಳನ್ನ ನಿಯಂತ್ರಿಸೋ ಅಧಿಕಾರ ಕೇಂದ್ರಕ್ಕೆ ಬಂದಿದೆ. ಅರಪೈಮಾ, ಏಷ್ಯನ್ ಅರೋವಾನಾ ಥರದ, ಆ ಕಾಯ್ದೆಯ ಪಟ್ಟಿಯಲ್ಲಿರೋ ಮೀನು ಸಾಕಿದ್ರೆ 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಲ್ಲಿ ನೋಂದಣಿ ಮಾಡಿಸಬೇಕು. ವಾಸ್ತುಗೆ ಅಂತ ಅರೋವಾನಾ ತಂದಿಟ್ಟಿರೋರು ನಿಮ್ಮದು ಯಾವ್ದು ಅಂತ ಒಂದು ಸಲ ನೋಡ್ಕೊಳ್ಳಿ, ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗೋ ಸಿಲ್ವರ್ ಅರೋವಾನಾ ಬೇರೆ, ಅದು ದಕ್ಷಿಣ ಅಮೆರಿಕದ್ದು.

ಗಪ್ಪಿ ವಿಷ್ಯ

ಇದನ್ನ ಯಾರಾದ್ರೂ ಕೇಳೇ ಕೇಳ್ತಾರೆ: ಆರೋಗ್ಯ ಇಲಾಖೆಯವರೇ ಸೊಳ್ಳೆಗೆ ಅಂತ ಗಪ್ಪಿ, ಗಂಬೂಸಿಯಾ ಬಿಡ್ತಾರಲ್ಲ, ಅದೂ ಫಾರಿನ್ ಮೀನೇ ಅಲ್ವಾ? ಹೌದು. ಗಪ್ಪಿ 1908ರಲ್ಲಿ, ಗಂಬೂಸಿಯಾ 1928ರಲ್ಲಿ ಈ ದೇಶಕ್ಕೆ ಬಂದಿವೆ, ಮಲೇರಿಯಾ ಕಾಲದಲ್ಲಿ ಊರೂರಿಗೆ ಹಂಚಿದ್ದೂ ಹೌದು. ಬಾವಿ, ಸಿಮೆಂಟ್ ತೊಟ್ಟಿ, ಕಟ್ಟಡ ಕೆಲಸದ ನೀರಿನ ಗುಂಡಿ, ಇಂಥ ಕಡೆ ಹೊರದಾರಿ ಇಲ್ಲ, ಅಲ್ಲಿ ಬಿಟ್ರೆ ಡೆಂಗಿ ಟೈಮಲ್ಲಿ ಉಪಯೋಗನೇ. ಆದ್ರೆ ಕೆರೆಗೆ, ಗದ್ದೆ ಬದಿಯ ಕಾಲುವೆಗೆ, ಹಳ್ಳಕ್ಕೆ ಬಿಡಬೇಡಿ, ಅಲ್ಲಿ ಸೊಳ್ಳೆ ಮರಿ ತಿನ್ನೋಕೆ ನಮ್ಮವೇ ಇವೆ. ಗದ್ದೆ ಕಾಲುವೆ ಅಂಚಲ್ಲಿ ನೀರಿನ ಮೇಲ್ಗಡೆನೇ ಸುಳಿದಾಡೋ, ಮೇಲಿಂದ ನೋಡಿದ್ರೆ ತಲೆ ಮೇಲೆ ಬೆಳ್ಳಿ ಚುಕ್ಕೆ ಮಿಂಚೋ ಸಣ್ಣ ಮೀನು ನೋಡಿರ್ತೀರ, ಅದು ಆ ಕೆಲಸಕ್ಕೆ ಗಟ್ಟಿ ಆಸಾಮಿ. ಅದೇ ಊರಿನ ಕಾಲುವೆಯಿಂದ ನಾಕೈದು ಹಿಡಿದು ಅದೇ ಊರಿನ ತೊಟ್ಟಿಗೆ ಬಿಟ್ಕೊಂಡ್ರೂ ಆಗುತ್ತೆ, ಜಿಗಿಯುತ್ತೆ, ಮೇಲೆ ಬಲೆ ಮುಚ್ಚಿ. ಈಗಾಗ್ಲೇ ತೊಟ್ಟಿಯಲ್ಲಿ ಗಪ್ಪಿ ಇದ್ರೆ ತೊಳೆಯೋ ದಿನ ನೀರು ಹೊರಗೆ ಬಿಡೋವಾಗ ಪೈಪಿನ ಬಾಯಿಗೆ ಹಳೇ ಬನಿಯನ್ ಬಟ್ಟೆ ಬಿಗಿಯಾಗಿ ಕಟ್ಟಿ, ಅದರ ಮರಿ ಸಣ್ಣ ಸಂದಿಯಲ್ಲೂ ನುಸುಳಿ ಹೋಗ್ತವೆ.